ದೂರು ಹೊತ್ತು ತಂದವರು: ಪೋಸ್ಟ್‌ಗ್ರೆಸ್‌ನ 30 ವರ್ಷ

ಮೈಕೆಲ್ ಸ್ಟೋನ್‌ಬ್ರೇಕರ್ ಅವರು 1986ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಯೋಜನೆ ನಿಂತದ್ದು ಬಳಕೆದಾರರು ಹೆಚ್ಚಾದ ಕಾರಣಕ್ಕೆ. 1989ರ ಜೂನ್‌ನಲ್ಲಿ ಮೊದಲ ಆವೃತ್ತಿ ಹೊರಗಿನ ಕೆಲವೇ ಮಂದಿಯ ಕೈಸೇರಿತ್ತು. 1993ರ ಒಂದೇ ವರ್ಷದಲ್ಲಿ ಹೊರಗಿನ ಬಳಕೆದಾರರ ಬಳಗ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬಳಸುವವರು ಹೆಚ್ಚಿದಂತೆ ದೂರುಗಳೂ ಹೆಚ್ಚಿದವು. ದೂರಿಗೆ ಉತ್ತರಿಸುವುದು, ಕೆಟ್ಟಿದ್ದನ್ನು ಸರಿಪಡಿಸುವುದು, ಪ್ರಯೋಗಕ್ಕೆಂದು ಬರೆದ ಸಂಕೇತವನ್ನು (ಕೋಡ್) ದಿನಬಳಕೆಗೆ ತಾಳುವಂತೆ ಕಾಪಾಡುವುದು, ಇವೆಲ್ಲ ಸೇರಿ ಸಂಶೋಧನೆಗೆ ಮೀಸಲಾಗಬೇಕಿದ್ದ ಸಮಯವನ್ನು ನುಂಗತೊಡಗಿದವು. ಆ ಹೊರೆ ಇಳಿಸಿಕೊಳ್ಳಲೆಂದೇ 1994ರಲ್ಲಿ, 4.2ನೇ ಆವೃತ್ತಿಯೊಂದಿಗೆ, ವಿಶ್ವವಿದ್ಯಾಲಯ ಯೋಜನೆಯನ್ನು ಮುಗಿಸಿತು.

ಈ ಸಂಚಿಕೆಗೆ ಲೇಖನ ಬರೆಯಬೇಕೆಂದಾಗ ನನಗೆ ಮೊದಲು ಹೇಳಬೇಕೆನಿಸಿದ್ದು ಇದೇ ಸಂಗತಿ. ವಿಶ್ವವಿದ್ಯಾಲಯವೊಂದು ಹೊರಲಾರೆನೆಂದು ಕೆಳಗಿಟ್ಟ ಹೊರೆಯನ್ನು ಒಬ್ಬರನ್ನೊಬ್ಬರು ಕಂಡಿರದ ಕೆಲವರು ಎತ್ತಿಕೊಂಡರು, ಮತ್ತು ಆ ಹೊರೆಯ ಸುತ್ತಲೇ ಒಂದು ಸಂಸ್ಥೆ ಬೆಳೆಯಿತು. ಪೋಸ್ಟ್‌ಗ್ರೆಸ್‌ನ ಹೊಸ ಸೌಲಭ್ಯಗಳ ಚರಿತ್ರೆಯನ್ನು ಬರೆಯುವವರು ಬಹಳ ಮಂದಿ ಇದ್ದಾರೆ. ಅದರ ದೂರುಗಳ ಚರಿತ್ರೆಯೂ ಅಷ್ಟೇ ದೊಡ್ಡದು. ಈ ಡೇಟಾಬೇಸ್ ಇಂದು ಇಷ್ಟು ನಂಬಿಕೆ ಗಳಿಸಿದ್ದರೆ ಆ ಎರಡನೆಯ ಚರಿತ್ರೆಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬರ್ಕ್‌ಲಿಯ ಬಾಗಿಲು ಮುಚ್ಚಿದ ಹೊತ್ತಿಗೆ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಪೋಸ್ಟ್‌ಗ್ರೆಸ್‌ಗೆ ಎಸ್‌ಕ್ಯೂಎಲ್ ಭಾಷೆಯನ್ನು ಜೋಡಿಸಿದ್ದರು. 1995ರಲ್ಲಿ ಅದು ಪೋಸ್ಟ್‌ಗ್ರೆಸ್95 ಎಂಬ ಹೆಸರಲ್ಲಿ ಹೊರಬಂತು. ಸಂಕೇತದ ಗಾತ್ರವನ್ನು ಅವರು ಶೇ 25ರಷ್ಟು ಇಳಿಸಿದ್ದರು. ಆದರೂ ಎರಡೂವರೆ ಲಕ್ಷ ಸಾಲುಗಳ ಸಿ ಸಂಕೇತ ಉಳಿದಿತ್ತು. ಈ ಕೆಲಸಕ್ಕೆ ಸ್ವಲ್ಪ ಸಮಯ ಕೊಡಬಲ್ಲ ಬಹಳ ಜನ ಬೇಡ, ಬಹಳ ಸಮಯ ಕೊಡಬಲ್ಲ ಕೆಲವರು ಬೇಕು ಎಂಬ ಅರ್ಥದ ಮಾತನ್ನು ಚೆನ್ ಹೇಳಿದ್ದರೆಂದು ಮುಂದೆ ಈ ಕೆಲಸಕ್ಕೆ ಸೇರಿದ ಬ್ರೂಸ್ ಮೊಮ್ಜಿಯನ್ ನೆನಪಿಸಿಕೊಂಡಿದ್ದಾರೆ. ಅಂಥ ಕೆಲವರು 1996ರಲ್ಲಿ ಸಿಕ್ಕರು. ಮಾರ್ಕ್ ಫೋರ್ನಿಯರ್ ತಮ್ಮ ಹಬ್.ಆರ್ಗ್ ಸಂಸ್ಥೆಯ ಸರ್ವರನ್ನು ಕೊಟ್ಟರು. ಅದು ಕೆಲಸಕ್ಕೆ ತೆರೆದುಕೊಂಡ 1996ರ ಜುಲೈ 8ನ್ನೇ ಈ ಬಳಗ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಫಿಲಡೆಲ್ಫಿಯಾದಿಂದ ಮೊಮ್ಜಿಯನ್, ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಿಂದ ವಾದಿಮ್ ಮಿಖೆಯೆವ್, ಪಸಡೀನಾದಿಂದ ಥಾಮಸ್ ಲಾಕ್‌ಹಾರ್ಟ್ ಬಂದು ಸೇರಿದರು. ಹೆಸರು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂದಾಯಿತು. ಬರ್ಕ್‌ಲಿಯ ಎಣಿಕೆಯನ್ನೇ ಮುಂದುವರಿಸಿ 1997ರ ಆರಂಭದಲ್ಲಿ 6.0ನೇ ಆವೃತ್ತಿ ಬಂತು.

1998ರಲ್ಲಿ ಟಾಮ್ ಲೇನ್ ಸೇರಿದರು. ಜೆಪೆಗ್ ಚಿತ್ರಗಳನ್ನು ಓದಿ ಬರೆಯಲು ಜಗತ್ತೆಲ್ಲ ಬಳಸಿದ ಲಿಬ್‌ಜೆಪೆಗ್ ತಂತ್ರಾಂಶದ ಹಿಂದೆ ಇದ್ದವರು ಅವರೇ. ಪೋಸ್ಟ್‌ಗ್ರೆಸ್‌ನಲ್ಲಿ ದೂರಿಗೆ ಉತ್ತರ ಹೇಗಿರಬೇಕು ಎಂಬ ಮಾದರಿಯನ್ನು ಬಹುಮಟ್ಟಿಗೆ ರೂಪಿಸಿದ್ದು ಅವರ ಬರವಣಿಗೆ. ದೂರು ಬಂದ ಕೂಡಲೇ ಅದನ್ನು ತಮ್ಮ ಯಂತ್ರದಲ್ಲಿ ನಡೆಸಿ ನೋಡುವುದು, ತಪ್ಪು ಹುಟ್ಟಿದ ಜಾಗವನ್ನು ಹುಡುಕಿ ಹೇಳುವುದು, ಅದು ಎಷ್ಟು ಹಳೆಯ ಆವೃತ್ತಿಯವರೆಗೆ ಹಿಂದಕ್ಕೆ ಹೋಗುತ್ತದೆಂದು ಪತ್ತೆ ಹಚ್ಚುವುದು, ಪರಿಹಾರದಿಂದ ಬೇರೇನು ಕೆಡಬಹುದೆಂದು ಲೆಕ್ಕ ಹಾಕುವುದು. ಕೆಲವೇ ಗಂಟೆಗಳಲ್ಲಿ ಇಷ್ಟನ್ನೂ ಒಳಗೊಂಡ ಉತ್ತರ ಬಂದು, ದೂರು ಕೊಟ್ಟವರು ಬೆರಗಾದ ಪ್ರಸಂಗಗಳು ದಾಖಲೆಗಳಲ್ಲಿ ಬೇಕಾದಷ್ಟಿವೆ.

ದೂರು ಹೇಗೆ ಬರೆಯಬೇಕು ಎಂಬುದಕ್ಕೆ ಪೋಸ್ಟ್‌ಗ್ರೆಸ್ ಕೈಪಿಡಿಯ ಮುನ್ನುಡಿ ಭಾಗದಲ್ಲೇ ಒಂದು ಪ್ರಕರಣವಿದೆ. ತಾಂತ್ರಿಕ ಬರವಣಿಗೆಯಲ್ಲಿ ನಾನು ಹೆಚ್ಚು ಗೌರವಿಸುವ ಪುಟಗಳಲ್ಲಿ ಅದೊಂದು. ಕಂಡ ಸಂಗತಿಯನ್ನೆಲ್ಲ ಬರೆಯಿರಿ, ಊಹೆಯನ್ನು ಬದಿಗಿಡಿ ಎನ್ನುವುದು ಅದರ ತಿರುಳು. ಖಾಲಿ ಡೇಟಾಬೇಸಿನಿಂದ ಹೊರಟು ತಪ್ಪು ಕಾಣಿಸುವವರೆಗಿನ ಒಂದೊಂದು ಹೆಜ್ಜೆಯೂ ಬೇಕು. ಬಂದ ಫಲಿತಾಂಶ ಯಾವುದು, ನೀವು ನಿರೀಕ್ಷಿಸಿದ್ದು ಯಾವುದು ಎರಡೂ ಬೇಕು. ಉತ್ತರ ತಪ್ಪು ಬಂತು ಎಂದಷ್ಟೇ ಬರೆದರೆ, ಅದನ್ನು ನಡೆಸಿ ನೋಡಿದವರಿಗೆ ತಪ್ಪೇನೆಂದೇ ಹೊಳೆಯದಿರಬಹುದು. ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಬದಲಿಸಿದ ಸೆಟ್ಟಿಂಗುಗಳು ಇವೂ ಸೇರಿರಬೇಕು. ದೋಷವನ್ನು ಅತಿ ಚಿಕ್ಕ ಉದಾಹರಣೆಗೆ ಇಳಿಸುತ್ತ ದಿನಗಟ್ಟಲೆ ಕಳೆಯಬೇಡಿ, ಕಂಡಾಗಲೇ ತಿಳಿಸಿ ಎಂಬ ಕಾಳಜಿಯೂ ಅಲ್ಲಿದೆ. ಕೈಪಿಡಿಯಲ್ಲಿ ಹೇಳಿದ್ದು ಅಸ್ಪಷ್ಟವಾಗಿದ್ದರೆ ಅದನ್ನೂ ದೋಷವೆಂದೇ ತಿಳಿಸಬೇಕು.

ಆ ಕೊನೆಯ ಮಾತು ಸಣ್ಣದೆನಿಸಿದರೂ ಅದರಿಂದ ಆದ ಲಾಭ ದೊಡ್ಡದು. ಬರುವ ದೂರುಗಳಲ್ಲಿ ಗಣನೀಯ ಭಾಗ ದೋಷವೇ ಅಲ್ಲದವು. ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ನಲ್ಲಿ ಒಂದು ಸಂಖ್ಯೆ ಕಾಣೆಯಾಗಿದೆ ಎಂದು ಯಾರೋ ಬರೆಯುತ್ತಾರೆ. ಡೇಟಾಬೇಸಿನ ವ್ಯವಹಾರ (ಟ್ರಾನ್ಸಾಕ್ಷನ್) ಅರ್ಧಕ್ಕೆ ರದ್ದಾದರೂ ಒಮ್ಮೆ ಕೊಟ್ಟ ಸಂಖ್ಯೆ ಹಿಂದಕ್ಕೆ ಬರುವುದಿಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಕಾಯದಿರಲೆಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಇಂಥ ದೂರು ಬಂದಾಗ ಕಾರಣ ವಿವರಿಸುತ್ತಾರೆ. ಅದೇ ಗೊಂದಲ ಮತ್ತೆ ಮತ್ತೆ ಬರುತ್ತಿದ್ದರೆ ಕೈಪಿಡಿಗೆ ಒಂದು ಎಚ್ಚರಿಕೆಯ ಸಾಲು ಸೇರುತ್ತದೆ. ಪೋಸ್ಟ್‌ಗ್ರೆಸ್ ಕೈಪಿಡಿ ಅಷ್ಟು ಚೆನ್ನಾಗಿದೆ ಎಂದು ಹೊಗಳುವವರು, ಅದರ ಎಷ್ಟೋ ವಾಕ್ಯಗಳ ಹಿಂದೆ ಒಬ್ಬೊಬ್ಬ ಗೊಂದಲಗೊಂಡ ಬಳಕೆದಾರರಿದ್ದಾರೆ ಎಂಬುದನ್ನು ನೆನೆಯಬೇಕು.

ವಿಚಿತ್ರವೆನಿಸಬಹುದಾದ ಇನ್ನೊಂದು ಸಂಗತಿ: ಇಷ್ಟು ದೊಡ್ಡ ಯೋಜನೆಗೆ ದೋಷಗಳ ಸ್ಥಿತಿಗತಿಯನ್ನು ತೋರಿಸುವ ಪ್ರತ್ಯೇಕ ತಂತ್ರಾಂಶವೇ ಇಲ್ಲ. ದೂರು ತುಂಬಲು ಒಂದು ಫಾರಂ ಇದೆ, ತುಂಬಿದ ದೂರಿಗೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಈಗ 18 ಸಾವಿರವನ್ನು ದಾಟಿದೆ. ಅಲ್ಲಿಂದ ಮುಂದಿನದೆಲ್ಲ ಇಮೇಲ್ ಚರ್ಚೆ. ಬೇರೆ ಯೋಜನೆಗಳಂತೆ ನಮಗೂ ಒಂದು ಟ್ರ್ಯಾಕರ್ ಬೇಕು ಎಂಬ ಬೇಡಿಕೆ ಹಲವು ಬಾರಿ ಎದ್ದು, ದೀರ್ಘ ವಾದಗಳಾಗಿ, ಒಮ್ಮತವಿಲ್ಲದೆ ನಿಂತಿದೆ. ಬೇಕೆನ್ನುವವರ ವಾದದಲ್ಲಿ ಹುರುಳಿದೆ: ಗಮನ ಸೆಳೆಯದ ದೂರು ಉತ್ತರವಿಲ್ಲದೆ ಉಳಿದುಬಿಡುತ್ತದೆ, ಯಾವುದು ಬಾಕಿ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಬೇಡವೆನ್ನುವವರು ಹೇಳುವುದು, ಟ್ರ್ಯಾಕರ್ ಅನ್ನು ಚೊಕ್ಕಟವಾಗಿಡಲು ಜನ ಬೇಕು, ಅದಿಲ್ಲದಿದ್ದರೆ ಸತ್ತ ದೂರುಗಳ ರಾಶಿಯಾಗುತ್ತದೆ ಎಂದು. ನನ್ನ ಒಲವು ಮೊದಲಿನವರ ಕಡೆಗೇ. ಆದರೂ ಒಪ್ಪಲೇಬೇಕಾದದ್ದೊಂದಿದೆ. ಇಲ್ಲಿ ಒಂದು ದೋಷವನ್ನು 'ಮುಗಿಯಿತು' ಎಂಬ ಮುದ್ರೆ ಒತ್ತಿ ಮುಚ್ಚುವ ದಾರಿಯಿಲ್ಲ. ಏಕೆ ಹಾಗೆ ಸರಿಪಡಿಸಿದೆವು, ಬೇರೆ ದಾರಿ ಏಕೆ ಬಿಟ್ಟೆವು ಎಂಬುದನ್ನು ವಾಕ್ಯಗಳಲ್ಲಿ ಬರೆಯಲೇಬೇಕು. ಇಂದು ಸಂಕೇತದಲ್ಲಾಗುವ ಪ್ರತಿ ಮಹತ್ವದ ಬದಲಾವಣೆಯ ಟಿಪ್ಪಣಿಯಲ್ಲೂ ಆ ಚರ್ಚೆಯ ಕೊಂಡಿ ಇರುತ್ತದೆ. ಹತ್ತು ವರ್ಷ ಹಿಂದಿನ ಒಂದು ಸಾಲಿನ ಕಾರಣ ಬೇಕಾದವರು ಅದನ್ನು ಹಿಡಿದು ಹೋಗಿ ವಾದವನ್ನೇ ಓದಬಹುದು.

ಎಲ್ಲವೂ ಹೆಮ್ಮೆಯ ಅಧ್ಯಾಯಗಳಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಬಂದ 9.3ನೇ ಆವೃತ್ತಿ ಒಂದು ಒಳ್ಳೆಯ ಉದ್ದೇಶವನ್ನಿಟ್ಟುಕೊಂಡಿತ್ತು. ಒಂದು ಕೋಷ್ಟಕದ ಸಾಲು ಇನ್ನೊಂದು ಕೋಷ್ಟಕದ ಸಾಲನ್ನು ಆಧರಿಸಿದ್ದಾಗ, ಮೂಲ ಸಾಲಿಗೆ ಬೀಳುವ ಬೀಗದಿಂದ ಬೇರೆಯವರು ವಿನಾಕಾರಣ ಕಾಯಬೇಕಿತ್ತು. ಅದನ್ನು ಸಡಿಲಿಸಲು, ಒಂದೇ ಸಾಲಿಗೆ ಯಾರು ಯಾರು ಬೀಗ ಹಾಕಿದ್ದಾರೆ ಎಂದು ಬರೆದಿಡುವ ಮಲ್ಟಿಎಕ್ಸ್ಯಾಕ್ಟ್ ಎಂಬ ದಾಖಲೆಯ ಬಳಕೆಯನ್ನು ಹಿಗ್ಗಿಸಿದರು. ಮೊದಲು ಸರ್ವರ್ ನಿಂತರೆ ಮರೆತರೂ ನಡೆಯುತ್ತಿದ್ದ ದಾಖಲೆ ಅದು. ಈಗ ಅದನ್ನು ವರ್ಷಗಟ್ಟಲೆ ಕಾಪಾಡಬೇಕಾಯಿತು, ಮತ್ತು ಹಳೆಯದನ್ನು ಅಳಿಸುವ ಲೆಕ್ಕದಲ್ಲಿ ತಪ್ಪುಗಳು ಅಡಗಿದ್ದವು. ದತ್ತಾಂಶ ಕಳೆದುಕೊಂಡವರ ದೂರುಗಳು ಬಂದವು. ಒಂದನ್ನು ಸರಿಪಡಿಸಿದರೆ ಇನ್ನೊಂದು ಹೊರಬಿತ್ತು. 2015ರ ಮೇ 22ರಂದು ಬಂದ 9.4.2ರಲ್ಲಿ ಇದಕ್ಕೊಂದು ಪರಿಹಾರವಿತ್ತು. ಅದರ ಜತೆಗೇ, ಸರ್ವರ್ ಕುಸಿದು ಏಳುವಾಗ ದತ್ತಾಂಶದ ಎಲ್ಲ ಕಡತಗಳನ್ನೂ ಡಿಸ್ಕಿಗೆ ಬರೆದು ಖಚಿತಪಡಿಸಿಕೊಳ್ಳುವ ಇನ್ನೊಂದು ಬದಲಾವಣೆಯೂ ಇತ್ತು. ಬರೆಯಲು ಅನುಮತಿಯಿಲ್ಲದ ಒಂದು ಕಡತ ದತ್ತಾಂಶದ ಕೋಶದಲ್ಲಿದ್ದರೆ ಸರ್ವರ್ ಏಳುತ್ತಲೇ ಇರಲಿಲ್ಲ. ಅದನ್ನು ಸರಿಪಡಿಸಲು ಜೂನ್ 4ಕ್ಕೆ 9.4.3 ಬಂತು. ಮಲ್ಟಿಎಕ್ಸ್ಯಾಕ್ಟ್‌ನ ಉಳಿದ ತೊಂದರೆಗಾಗಿ ಜೂನ್ 12ಕ್ಕೆ 9.4.4 ಬಂತು. ಮೂರು ವಾರದಲ್ಲಿ ಮೂರು ಬಿಡುಗಡೆ. ರಾತ್ರಿಯ ಪಾಳಿಯಲ್ಲಿ ಕೂತು ಅವನ್ನು ಅಳವಡಿಸಿದ ಆಡಳಿತಗಾರರಿಗೆ ಅದು ಸುಲಭದ ಕಾಲವಾಗಿರಲಿಲ್ಲ. ಪ್ರತಿ ಬಿಡುಗಡೆಯ ಟಿಪ್ಪಣಿಯೂ ಹಿಂದಿನದರಲ್ಲಿ ಏನು ತಪ್ಪಿತೆಂದು ನೇರವಾಗಿ ಹೇಳಿತು ಎನ್ನುವುದನ್ನು ಮಾತ್ರ ನಾನು ಸಂಸ್ಥೆಯ ಲೆಕ್ಕದಲ್ಲಿ ಜಮೆ ಮಾಡುತ್ತೇನೆ.

ಎಲ್ಲಕ್ಕಿಂತ ದೊಡ್ಡ ದೂರು ಬಂದದ್ದು 2018ರ ಮಾರ್ಚ್ ಕೊನೆಯಲ್ಲಿ. ಬರೆದವರು ಹೊರಗಿನವರಲ್ಲ, ಪೋಸ್ಟ್‌ಗ್ರೆಸ್‌ಗೆ ಆಗಲೇ ಬಹಳ ಕೆಲಸ ಮಾಡಿದ್ದ ಕ್ರೇಗ್ ರಿಂಗರ್. ಅವರ ಮಾತಿನ ಸಾರ ಇಷ್ಟು: ಡಿಸ್ಕಿಗೆ ಬರೆಯುವಾಗ ತಪ್ಪಾದರೆ ನಾವು ನಡೆದುಕೊಳ್ಳುತ್ತಿರುವ ರೀತಿ ಅಪಾಯಕಾರಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯವರು ವ್ಯಾಪಾರವನ್ನು ಮೊದಲು ದಿನವಹಿಯಲ್ಲಿ ಬರೆದು, ಬಿಡುವಾದಾಗ ಖಾತೆವಹಿಗೆ ಏರಿಸುವಂತೆ, ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನು ಮೊದಲು ಲಾಗ್‌ನಲ್ಲಿ ಬರೆಯುತ್ತದೆ, ಆಮೇಲೆ ಕೋಷ್ಟಕದ ಕಡತಕ್ಕೆ ಸೇರಿಸುತ್ತದೆ. ಆಗಾಗ ಚೆಕ್‌ಪಾಯಿಂಟ್ ನಡೆದು, ಇಲ್ಲಿಯವರೆಗಿನದೆಲ್ಲ ಕಡತ ಸೇರಿತು ಎಂದು ಖಚಿತವಾದ ಮೇಲೆ ಲಾಗ್‌ನ ಹಳೆಯ ಭಾಗವನ್ನು ಬಿಟ್ಟುಕೊಡುತ್ತದೆ. ಆ ಖಚಿತತೆಗೆ ಆಧಾರ ಎಫ್‌ಸಿಂಕ್ ಎಂಬ ಕರೆ. ಮೆಮೊರಿಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಡಿಸ್ಕಿಗೆ ಇಳಿಸು ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಹೇಳುವುದು ಅದು. ಎಫ್‌ಸಿಂಕ್ ವಿಫಲವಾದರೆ ಪೋಸ್ಟ್‌ಗ್ರೆಸ್ ಮತ್ತೊಮ್ಮೆ ಕೇಳುತ್ತಿತ್ತು. ಎರಡನೆಯ ಸಲ 'ಆಯಿತು' ಎಂದು ಬಂದರೆ ನಂಬಿ ಮುಂದುವರಿಯುತ್ತಿತ್ತು. ಆದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್ ಮೊದಲ ವೈಫಲ್ಯದ ನಂತರ ಮೆಮೊರಿಯಲ್ಲಿದ್ದ ಆ ದತ್ತಾಂಶದ ಪುಟಗಳನ್ನು 'ಬರೆಯಬೇಕಾದದ್ದು' ಎಂಬ ಪಟ್ಟಿಯಿಂದಲೇ ತೆಗೆದುಬಿಡುತ್ತಿತ್ತು. ಎರಡನೆಯ ಸಲ ಬರೆಯಲು ಏನೂ ಉಳಿದಿರದ ಕಾರಣ ಅದು 'ಆಯಿತು' ಎನ್ನುತ್ತಿತ್ತು. ಪೋಸ್ಟ್‌ಗ್ರೆಸ್ ಲಾಗ್‌ನ ಹಳೆಯ ಭಾಗವನ್ನು ಬಿಟ್ಟುಕೊಡುತ್ತಿತ್ತು. ದತ್ತಾಂಶ ಎರಡೂ ಕಡೆಯಿಂದ ಹೋಗಿರುತ್ತಿತ್ತು, ಯಾರಿಗೂ ಸುಳಿವು ಸಿಗದೆ.

ಸುಮಾರು 20 ವರ್ಷ ಎಲ್ಲರೂ ಸರಿಯೆಂದೇ ತಿಳಿದಿದ್ದ ನಡೆ ಇದು. ಚರ್ಚೆಯ ಮೊದಲ ದಿನಗಳಲ್ಲಿ ಅಪನಂಬಿಕೆ ಇತ್ತು, ಕೋಪವೂ ಇತ್ತು. ಕರ್ನಲ್ ಹೀಗೆ ನಡೆದುಕೊಳ್ಳುವುದೇ ತಪ್ಪು ಎಂದು ಪೋಸ್ಟ್‌ಗ್ರೆಸ್ ಕಡೆಯ ಹಲವರ ವಾದ. ಯುಎಸ್‌ಬಿ ಕಡ್ಡಿಯನ್ನು ಬರೆಯುತ್ತಿರುವಾಗಲೇ ಕಿತ್ತುಕೊಂಡರೆ ಆ ಪುಟಗಳನ್ನು ಎಂದೆಂದಿಗೂ ಮೆಮೊರಿಯಲ್ಲಿ ಇಟ್ಟುಕೊಳ್ಳಲಾದೀತೇ ಎಂದು ಕರ್ನಲ್ ಕಡೆಯವರ ಉತ್ತರ. ಇಬ್ಬರಿಗೂ ಅವರವರ ಕೆಲಸದ ನ್ಯಾಯವಿತ್ತು. ಈ ಹಂತದಲ್ಲಿ ಮಾತು ಮುರಿಯಲಿಲ್ಲ. ಏಪ್ರಿಲ್‌ನಲ್ಲಿ ಯೂಟಾದಲ್ಲಿ ಸೇರಿದ್ದ ಲಿನಕ್ಸ್ ಕಡತ ವ್ಯವಸ್ಥೆ ಮತ್ತು ಮೆಮೊರಿ ತಜ್ಞರ ಸಭೆಗೆ ಪೋಸ್ಟ್‌ಗ್ರೆಸ್‌ನ ಆಂಡ್ರೆಸ್ ಫ್ರಾಯಿಂಡ್ ಹೋಗಿ ಎದುರುಬದುರು ಕೂತು ಮಾತಾಡಿದರು. ಬೇರೆ ಆಪರೇಟಿಂಗ್ ಸಿಸ್ಟಮ್‌ಗಳು ಏನು ಮಾಡುತ್ತವೆ ಎಂದು ಒಂದೊಂದನ್ನೂ ಪರಿಶೀಲಿಸಿದರು. ಫ್ರೀಬಿಎಸ್‌ಡಿ ಪುಟಗಳನ್ನು ಹಾಗೆ ಕೈಬಿಡುವುದಿಲ್ಲವೆಂದು ಗೊತ್ತಾಯಿತು. ಕರ್ನಲ್‌ನಲ್ಲಿ ತಪ್ಪಿನ ಸುದ್ದಿ ಕೇಳುವವರನ್ನು ತಲುಪದೆ ಹೋಗುತ್ತಿದ್ದ ಒಂದು ಸಂದರ್ಭವನ್ನು ಸರಿಪಡಿಸಿದರು.

ಪೋಸ್ಟ್‌ಗ್ರೆಸ್ ಕೊನೆಗೆ ತೆಗೆದುಕೊಂಡ ತೀರ್ಮಾನ ಕಠಿಣವಾದದ್ದು. ಎಫ್‌ಸಿಂಕ್ ವಿಫಲವಾದರೆ ಮರುಪ್ರಯತ್ನವಿಲ್ಲ, ಸರ್ವರ್ ಬೇಕೆಂದೇ ನಿಲ್ಲಬೇಕು. ಮತ್ತೆ ಎದ್ದಾಗ ಹಿಂದಿನ ಚೆಕ್‌ಪಾಯಿಂಟ್‌ನಿಂದ ಲಾಗ್ ಓದಿ ಎಲ್ಲವನ್ನೂ ಪುನಃ ಬರೆಯಬೇಕು. ನಿಲ್ಲದೆ ನಡೆಯುವುದೇ ಡೇಟಾಬೇಸಿನ ಹಿರಿಮೆ ಎಂದು ನಂಬಿದವರಿಗೆ ಇದನ್ನು ಒಪ್ಪುವುದು ಸುಲಭವಾಗಿರಲಾರದು. ರಿಂಗರ್ ಮತ್ತು ಥಾಮಸ್ ಮನ್ರೋ ಅವರ ಕೆಲಸ 2018ರ ನವೆಂಬರ್‌ನಲ್ಲಿ ಸಂಕೇತಕ್ಕೆ ಸೇರಿ, 2019ರ ಫೆಬ್ರವರಿ 14ರಂದು ಬೆಂಬಲದಲ್ಲಿದ್ದ ಎಲ್ಲ ಆವೃತ್ತಿಗಳಿಗೂ ತಲುಪಿತು. ಹಳೆಯ ನಡೆಯೇ ಬೇಕೆನ್ನುವವರಿಗೆ ಒಂದು ಸೆಟ್ಟಿಂಗ್ ಉಳಿಸಿದರು, ಅದನ್ನು ಆಫ್ ಸ್ಥಿತಿಯಲ್ಲೇ ಇಟ್ಟರು. ಮೈಎಸ್‌ಕ್ಯೂಎಲ್‌ನವರೂ ಮೊಂಗೋಡಿಬಿಯ ಶೇಖರಣಾ ಎಂಜಿನ್ ಬರೆಯುವವರೂ ಇದೇ ದಾರಿ ಹಿಡಿದರು. 2020ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಹಲವು ಡೇಟಾಬೇಸ್‌ಗಳನ್ನು ಈ ಒಂದೇ ಪ್ರಶ್ನೆಯ ಮೇಲೆ ಪರೀಕ್ಷಿಸಿ ಪ್ರಬಂಧ ಬರೆದರು. ಒಂದು ಯೋಜನೆಗೆ ಬಂದ ದೂರು ಇಡೀ ಕ್ಷೇತ್ರದ ಪಾಠವಾದದ್ದು, ಅದರ ಮೇಲಿನ ವಾದ ಮೊದಲಿನಿಂದ ಕೊನೆವರೆಗೆ ಎಲ್ಲರೂ ಓದುವಂತೆ ತೆರೆದಿದ್ದರಿಂದ.

ವಿಸ್ಕಾನ್ಸಿನ್ ಎಂದಾಗ ಇನ್ನೊಂದು ಪ್ರಸಂಗ ನೆನಪಾಗುತ್ತದೆ. ಏಕಕಾಲದಲ್ಲಿ ನಡೆಯುವ ವ್ಯವಹಾರಗಳು ಒಂದಾದ ಮೇಲೊಂದು ನಡೆದಂತೆಯೇ ಫಲ ಕೊಡಬೇಕು ಎಂಬ ಸೀರಿಯಲೈಸಬಲ್ ಭರವಸೆಯನ್ನು 2011ರ 9.1ನೇ ಆವೃತ್ತಿಯಲ್ಲಿ ತಂದವರು ಎಂಐಟಿಯ ಡ್ಯಾನ್ ಪೋರ್ಟ್ಸ್ ಮತ್ತು ವಿಸ್ಕಾನ್ಸಿನ್ ರಾಜ್ಯದ ನ್ಯಾಯಾಲಯ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಕೆವಿನ್ ಗ್ರಿಟ್ನರ್. ನ್ಯಾಯಾಲಯದ ಕಡತಗಳಿಗೆ ಬೇಕಾದ ಖಚಿತತೆಯ ಒತ್ತಾಯದಿಂದ ಇಂಥದ್ದೊಂದು ಸೌಲಭ್ಯ ಜಗತ್ತಿಗೆಲ್ಲ ಸಿಕ್ಕಿತು. 2020ರ ಜೂನ್‌ನಲ್ಲಿ, ಡೇಟಾಬೇಸ್‌ಗಳ ಭರವಸೆಗಳನ್ನು ಪರೀಕ್ಷಿಸುವುದನ್ನೇ ವೃತ್ತಿ ಮಾಡಿಕೊಂಡ ಜೆಪ್ಸೆನ್‌ನ ಕೈಲ್ ಕಿಂಗ್ಸ್‌ಬರಿ 12.3ನೇ ಆವೃತ್ತಿಯಲ್ಲಿ ಆ ಭರವಸೆ ಮುರಿಯುವ ಸಂದರ್ಭವೊಂದನ್ನು ತೋರಿಸಿದರು. ಒಂದು ವ್ಯವಹಾರ ಆಗತಾನೇ ಸೇರಿಸಿದ ಸಾಲನ್ನು ಇನ್ನೊಂದು ವ್ಯವಹಾರ ಬದಲಿಸಿದಾಗ, ಅದನ್ನು ಓದಲು ಬಂದ ಮೂರನೆಯದರ ಘರ್ಷಣೆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ದೋಷ 9.1ರಿಂದಲೇ ಇತ್ತು, ಒಂಬತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೀಟರ್ ಗೇಗನ್ ಅದನ್ನು ಸರಿಪಡಿಸಿದರು, ಆಗಸ್ಟ್ ಬಿಡುಗಡೆಯಲ್ಲಿ ಅದು ಎಲ್ಲರಿಗೂ ಸಿಕ್ಕಿತು.

ಬಾಗಿಲು ಮುಚ್ಚಿ ಕೆಲಸ ಮಾಡಬೇಕಾದ ದೂರುಗಳೂ ಇವೆ. 2013ರಲ್ಲಿ ಜಪಾನಿನ ಎನ್‌ಟಿಟಿಯ ಮುಕ್ತ ತಂತ್ರಾಂಶ ಕೇಂದ್ರದ ಇಬ್ಬರು ಎಂಜಿನಿಯರುಗಳು ಒಂದು ದೋಷ ಕಂಡರು. ಅಡ್ಡಗೆರೆಯಿಂದ ಶುರುವಾಗುವ ಡೇಟಾಬೇಸ್ ಹೆಸರು ಕೊಟ್ಟು ಸಂಪರ್ಕ ಕೋರಿದರೆ, ಪಾಸ್‌ವರ್ಡ್ ಇಲ್ಲದವರೂ ಸರ್ವರ್‌ನ ಕಡತಗಳನ್ನು ಕೆಡಿಸಬಹುದಿತ್ತು. ಅವರು ಅದನ್ನು ಭದ್ರತಾ ತಂಡಕ್ಕಷ್ಟೇ ಗುಟ್ಟಾಗಿ ತಿಳಿಸಿದರು. ಪರಿಹಾರ ಸಿದ್ಧವಾಗುವಾಗ ಸಂಕೇತ ಭಂಡಾರದ ಸಾರ್ವಜನಿಕ ಪ್ರತಿಯನ್ನು ಯೋಜನೆ ತಾತ್ಕಾಲಿಕವಾಗಿ ತಡೆಹಿಡಿಯಿತು. ಒಂದು ವಾರ ಮೊದಲೇ ಮುನ್ಸೂಚನೆ ಕೊಟ್ಟು ಏಪ್ರಿಲ್ 4ರಂದು ಬಿಡುಗಡೆ ಮಾಡಿತು. ಒಂದು ಕ್ಲೌಡ್ ಸಂಸ್ಥೆಗೆ ಪರಿಹಾರ ಮುಂಚಿತವಾಗಿ ಸಿಕ್ಕಿತೆಂದು ಟೀಕೆ ಬಂತು. ಯಾರಿಗೆ ಮೊದಲು ಹೇಳಬೇಕು ಎಂಬ ಪ್ರಶ್ನೆ ಸುಲಭದ್ದಲ್ಲ. ಎಲ್ಲವೂ ಬಯಲಲ್ಲಿ ನಡೆಯುವ ಕಡೆ ಗುಟ್ಟು ಇಟ್ಟುಕೊಳ್ಳುವವರ ಮೇಲೆ ಕಣ್ಣು ಇದ್ದೇ ಇರುತ್ತದೆ, ಇರಬೇಕು ಕೂಡ.

ಸರಿಪಡಿಸಿದ ದೋಷ ಮತ್ತೆ ಬರದಂತೆ ಕಾಯುವುದು ಯಂತ್ರಗಳ ಕೆಲಸ. ಸಾಧ್ಯವಿದ್ದಲ್ಲೆಲ್ಲ ಪರಿಹಾರದ ಜತೆ ಒಂದು ಪರೀಕ್ಷೆಯೂ ಸೇರುತ್ತದೆ. ಆಂಡ್ರ್ಯೂ ಡನ್‌ಸ್ಟನ್ 2004ರಲ್ಲಿ ಕಟ್ಟಿದ ಬಿಲ್ಡ್‌ಫಾರ್ಮ್‌ನಲ್ಲಿ ಜಗತ್ತಿನ ಬೇರೆಬೇರೆ ಕಡೆಯ ಸ್ವಯಂಸೇವಕರ ಯಂತ್ರಗಳು, ಒಂದೊಂದಕ್ಕೆ ಒಂದೊಂದು ಪ್ರಾಣಿಯ ಹೆಸರು ಹೊತ್ತು, ಈ ಪರೀಕ್ಷೆಗಳನ್ನು ಹಗಲಿರುಳು ನಡೆಸುತ್ತವೆ. ಆಂಡ್ರಿಯಾಸ್ ಸೆಲ್ಟೆನ್‌ರೈಶ್ ಬರೆದ ಎಸ್‌ಕ್ಯೂಎಲ್‌ಸ್ಮಿತ್ ಯಾರೂ ಎಂದೂ ಬರೆಯದಂಥ ಪ್ರಶ್ನೆಗಳನ್ನು ತಾನೇ ಹೆಣೆದು ಕೇಳಿ ಹಲವು ದೋಷಗಳನ್ನು ಹೊರಗೆಳೆಯಿತು.

ಕನ್ನಡದ ಓದುಗರಿಗೆ ಹತ್ತಿರವಾದ ದೋಷವೊಂದಿದೆ. ಅಕ್ಷರಗಳ ಅಕಾರಾದಿ ಕ್ರಮವನ್ನು ಪೋಸ್ಟ್‌ಗ್ರೆಸ್ ಬಹುಕಾಲ ಆಪರೇಟಿಂಗ್ ಸಿಸ್ಟಮ್‌ನಿಂದಲೇ ಕೇಳಿ ಪಡೆಯುತ್ತಿತ್ತು. ಲಿನಕ್ಸ್‌ನಲ್ಲಿ ಆ ನಿಯಮಗಳು ಜಿಲಿಬ್‌ಸಿ ಎಂಬ ಲೈಬ್ರರಿಯಲ್ಲಿವೆ, ಕನ್ನಡದ ನಿಯಮಗಳೂ ಅಲ್ಲೇ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28 ಈ ಕ್ರಮಗಳನ್ನು ದೊಡ್ಡ ಪ್ರಮಾಣದಲ್ಲಿ ಪರಿಷ್ಕರಿಸಿತು. ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಯನ್ನು ಹೊಸ ಕ್ರಮದಲ್ಲಿ ಹುಡುಕಿದರೆ, ಕೋಷ್ಟಕದಲ್ಲಿ ಇರುವ ಹೆಸರು ಸಿಗದೆ ಹೋಗಬಹುದು. ಎರಡು ಬಾರಿ ಇರಬಾರದ ಹೆಸರು ಎರಡು ಬಾರಿ ಸೇರಬಹುದು. ಯಾರ ಸಂಕೇತದಲ್ಲೂ ತಪ್ಪಿಲ್ಲದೆ ಹುಟ್ಟಿದ ದೋಷ ಇದು. ಉತ್ತರ ಒಂದೇ ಬಾರಿಗೆ ಬರಲಿಲ್ಲ. 10ನೇ ಆವೃತ್ತಿಯಲ್ಲಿ ಐಸಿಯು ಲೈಬ್ರರಿಯ ಕ್ರಮಗಳನ್ನು ಬಳಸುವ ಅವಕಾಶ, 15ರಲ್ಲಿ ಇಡೀ ಡೇಟಾಬೇಸಿನ ಕ್ರಮದ ಆವೃತ್ತಿಯನ್ನು ನೆನಪಿಟ್ಟು ಬದಲಾದರೆ ಎಚ್ಚರಿಸುವ ವ್ಯವಸ್ಥೆ, 17ರಲ್ಲಿ ಪೋಸ್ಟ್‌ಗ್ರೆಸ್‌ಗೇ ಸೇರಿದ ಸರಳ ಕ್ರಮ. ಆಪರೇಟಿಂಗ್ ಸಿಸ್ಟಮ್‌ನ ಕ್ರಮವನ್ನೇ ಬಳಸುತ್ತ ಹಳೆಯ ಲಿನಕ್ಸ್‌ನಿಂದ ಹೊಸದಕ್ಕೆ ಡೇಟಾಬೇಸ್ ಕೊಂಡೊಯ್ಯುವವರು ಕನ್ನಡ ಹೆಸರುಗಳ ಸೂಚಿಯನ್ನು ಇಂದಿಗೂ ಹೊಸದಾಗಿ ಕಟ್ಟಿಕೊಳ್ಳಲೇಬೇಕು.

ಬೆಂಗಳೂರಿನಲ್ಲಿ ಸೇರುವ ಪಿಜಿಕಾನ್ಫ್ ಇಂಡಿಯಾ ಸಮ್ಮೇಳನದಲ್ಲಿ ಪೋಸ್ಟ್‌ಗ್ರೆಸ್ ಬಳಸುವವರೂ ಬರೆಯುವವರೂ ಒಂದೇ ಸಭಾಂಗಣದಲ್ಲಿ ಸಿಗುತ್ತಾರೆ. ಭಾರತದಿಂದ ಕೆಲಸ ಮಾಡುವ ಅಮಿತ್ ಕಪಿಲ ಸಂಕೇತ ಭಂಡಾರಕ್ಕೆ ನೇರವಾಗಿ ಬರೆಯುವ ಅಧಿಕಾರವುಳ್ಳ ಕಮಿಟರ್‌ಗಳಲ್ಲಿ ಒಬ್ಬರು. ಆದರೆ ಈ ಬಳಗದ ಲೆಕ್ಕದಲ್ಲಿ ಸೇರಲು ಕಮಿಟರ್ ಆಗಬೇಕಾಗಿಲ್ಲ. 10ನೇ ಆವೃತ್ತಿಯಿಂದ ಈಚೆಗೆ ಪ್ರತಿ ದೊಡ್ಡ ಬಿಡುಗಡೆಯ ಟಿಪ್ಪಣಿಯ ಕೊನೆಯಲ್ಲಿ ಉದ್ದನೆಯ ಹೆಸರುಗಳ ಪಟ್ಟಿಯೊಂದು ಇರುತ್ತದೆ. ಸಂಕೇತ ಬರೆದವರು, ತಿದ್ದಿದವರು, ಪರೀಕ್ಷಿಸಿದವರು, ದೋಷ ತಿಳಿಸಿದವರು, ಎಲ್ಲರೂ ಅಕಾರಾದಿಯಲ್ಲಿ, ಯಾರು ಯಾವ ಕೆಲಸ ಮಾಡಿದರೆಂಬ ಭೇದವಿಲ್ಲದೆ. ಸಾವಿರಾರು ಸಾಲು ಬರೆದ ಟಾಮ್ ಲೇನ್ ಹೆಸರು ಇರುವ ಪಟ್ಟಿಯಲ್ಲೇ, ಒಂದು ಸಲ ಫಾರಂ ತುಂಬಿ ಒಂದೇ ಒಂದು ದೂರು ಕೊಟ್ಟವರ ಹೆಸರೂ ಇರುತ್ತದೆ.